ನೋಡಾಕ ಹೊಂಟೀವ್ರಿ

ನಾನು ಹುಟ್ಟಿದ್ದು 1958ರ ಜೂನ್ 1ರಂದು. ನನ್ನ ಹೆಂಡತಿ 1962ರ ಜೂನ್ 1ರಂದು. ನಮ್ಮಣ್ಣ, ಅತ್ತಿಗೆ, ಓಣಿಯ ಅರ್ಧ ಜನ ಎಲ್ಲರೂ ಜೂನ್ 1ರವರೇ. ನಮ್ಮ ಕಡೆ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ, ಹುಟ್ಟಿದ ದಿನ ಗೊತ್ತುಮಾಡುತ್ತಿದ್ದವರು ಮಾತ್ರ ಸಾಲಿ ಮಾಸ್ತರರು. ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಸಾಲಿಗೆ ಬಂದ ಹಾಗೆ. ವರ್ಷ ಅಂದಾಜಿನ ಮೇಲೆ, ತಾರೀಖು ಜೂನ್ 1. ಇದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ. ನೌಕರಿ ಸಿಕ್ಕಿತು, ಲಗ್ನ ಆಯಿತು, ಪೆನ್ಶನ್ನೂ ಬಂತು. ಎಡವಟ್ಟಾದದ್ದು ನಾವಿಬ್ಬರೂ ಪರದೇಶ ನೋಡಿ ಬರೋಣ ಎಂದು ಹೊರಟಾಗ.

ಆ ದೇಶದ ಹೆಸರು ಹೇಳುವುದಿಲ್ಲ. ಇನ್ನೊಮ್ಮೆ ಅರ್ಜಿ ಹಾಕುವ ಆಸೆ ಇದೆ.

ನನ್ನ ಹೆಂಡತಿಯ ತವರು ಇಳಕಲ್. ಅವಳ ತಮ್ಮನ ಮಗ ಆ ದೇಶದಲ್ಲಿ ನೌಕರಿಗಿದ್ದಾನೆ. "ಅತ್ಯಾ, ಮಾವಾ, ಕಾಲು ಗಟ್ಟಿ ಇರೂತನಕ ಒಮ್ಮೆ ಬಂದು ನೋಡಿ ಹೋಗ್ರಿ" ಎಂದು ಪ್ರತಿ ಯುಗಾದಿಗೂ ಫೋನ್ ಮಾಡುತ್ತಿದ್ದ. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದೆವು, ಪೊಲೀಸರು ಮನೆಗೆ ಬಂದು ಚಹಾ ಕುಡಿದು ನಾವು ನಾವೇ ಎಂದು ಬರೆದುಕೊಂಡು ಹೋದರು. ಅಲ್ಲಿಗೆ ಅರ್ಧ ಪರದೇಶ ನೋಡಿದ ಹಾಗೆ ಎಂದು ತಿಳಿದದ್ದು ನಮ್ಮ ದಡ್ಡತನ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಕಂಪ್ಯೂಟರ್ ಅಂಗಡಿ ಇದೆ. ಅದರ ಹುಡುಗ ವೀಸಾ ಅರ್ಜಿ ತುಂಬಲು ಕೂತ. ಹುಟ್ಟಿದ ರಾಜ್ಯ ಯಾವುದು ಎಂದ. ಆಗ ಅದು ಮೈಸೂರು ರಾಜ್ಯ, ಜಿಲ್ಲೆ ವಿಜಾಪುರ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಒಡೆದು ಬಾಗಲಕೋಟೆಯಾಯಿತು. ಆಮೇಲೆ ಇಂಗ್ಲಿಷಿನ ಬಾಗಲಕೋಟೆಗೆ ಬಾಲದಂತೆ ಇನ್ನೊಂದು ಅಕ್ಷರ ಅಂಟಿಕೊಂಡಿತು. ನಮ್ಮಪ್ಪ ಹುಟ್ಟಿದ ಕಾಲಕ್ಕಂತೂ ನಾವು ಮುಂಬಯಿಯವರು. ಹುಡುಗ ಎಲ್ಲ ಕೇಳಿ, "ಸರ, ನಿಮ್ಮ ಮನಿತನ ಭಾಳ ಊರು ಅಡ್ಡಾಡೇತ್ರಿ" ಎಂದ. ಅಡ್ಡಾಡಿದ್ದೆಲ್ಲಿ ಬಂತು! ಒಂದೇ ಮನೆಯ ಒಂದೇ ಕಟ್ಟೆಯ ಮೇಲೆ ಕೂತು ನಾವು ಇಷ್ಟೆಲ್ಲ ಪ್ರವಾಸ ಮಾಡಿದ್ದೇವೆ.

ಕೊನೆಗೆ ಆ ಕಟ್ಟೆಯೂ ಹೋಯಿತು ಅನ್ನಿ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿಗೆ ನಿಂತರೆ ನಾನು ಹುಟ್ಟಿದ ಮನೆಯ ಜಾಗ ಮೀನಿನ ಪಾಲು. "ಹಿಂದಿನ ವಿಳಾಸ" ಎಂಬ ಕಡೆ ಹಳೆ ಬಾಗಲಕೋಟೆಯ ಓಣಿಯ ಹೆಸರು ಬರೆಸಿದೆ. "ಅಲ್ಲಿ ಈಗ ಯಾರಿದ್ದಾರೆ" ಎಂಬ ಕಡೆ ಹುಡುಗ ನನ್ನ ಮುಖ ನೋಡಿದ. "ಕೃಷ್ಣಾ, ಘಟಪ್ರಭಾ ಅಂತ ಬರದರ ನಡೀತೈತ್ರಿ?" ಎಂದ. ಹೆಸರು ನೋಡಿದರೆ ಯಾರೋ ಗಂಡ ಹೆಂಡತಿ ಎಂದುಕೊಂಡಾರು, ಆದರೂ ಬೇಡ ಎಂದೆ.

ಫೋಟೋ ತೆಗೆಸಲು ಇಳಕಲ್ಲಿನ ಸ್ಟುಡಿಯೋಕ್ಕೇ ಹೋಗಬೇಕೆಂದು ನಮ್ಮಾಕೆಯ ಹಟ. ಲಗ್ನದ ಫೋಟೋ ಅಲ್ಲೇ ತೆಗೆಸಿದ್ದು. ಕಿವಿ ಕಾಣಬೇಕು, ಹಲ್ಲು ಕಾಣಬಾರದು, ಹಿಂದೆ ಬಿಳಿ ಬಣ್ಣ ಇರಬೇಕು ಎಂದು ಮೂರು ಸಲ ಹೇಳಿ ಬಂದೆವು. ಸಂಜೆ ಫೋಟೋ ಬಂತು. ಕಿವಿ ಕಾಣುತ್ತಿತ್ತು, ಹಲ್ಲು ಕಾಣುತ್ತಿರಲಿಲ್ಲ, ಹಿಂದೆ ಮಾತ್ರ ಹಿಮದ ಗುಡ್ಡ ಮತ್ತು ಒಂದು ಸರೋವರ. ಸ್ಟುಡಿಯೋದವನ ತಪ್ಪಲ್ಲ, ಲಗ್ನದ ಸೀಜನ್ನಿನ ಕೈ. "ಬಿಳೀದೈತಲ್ರಿ?" ಎಂದ, ಹಿಮ ತೋರಿಸಿ.

ಕಾಗದಗಳ ಮಾತಿಗೆ ಬಂದರೆ, ಆರು ತಿಂಗಳ ಬ್ಯಾಂಕ್ ಲೆಕ್ಕ, ಪೆನ್ಶನ್ ಆದೇಶ, ತೆರಿಗೆ ಕಾಗದ, ಹೋಗಿ ಬರುವ ವಿಮಾನದ ಬುಕಿಂಗು, ಉಳಿಯುವ ಜಾಗ, ವಿಮೆ ಎಲ್ಲ ಬೇಕಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬೇಡ ಎನ್ನುತ್ತಿದ್ದಳು ನಮ್ಮವ್ವ. ಇಲ್ಲಿ ಕುಲಾವಿಯ ರಸೀದಿ ತೋರಿಸದಿದ್ದರೆ ಕೂಸೇ ಹುಟ್ಟುವುದಿಲ್ಲ. ಇದರ ಜೊತೆಗೆ ನೀವು ತಿರುಗಿ ಬರುತ್ತೀರಿ ಎನ್ನುವುದಕ್ಕೆ ಆಧಾರ. ಊರಲ್ಲಿ ನಮ್ಮನ್ನು ಕಟ್ಟಿಹಾಕಿದ್ದು ಏನಿದೆ ಎಂದು ತೋರಿಸಬೇಕು. "ಎಮ್ಮಿ ಫೋಟೋ ಕಳಸೂಣೇನ್ರೀ?" ಎಂದಳು ಹೆಂಡತಿ. ಎಮ್ಮೆಯನ್ನು ನಾವು ಕಟ್ಟಿದ್ದೇವೋ, ಅದು ನಮ್ಮನ್ನು ಕಟ್ಟಿದೆಯೋ ಎಂಬ ವಿಚಾರ ಆ ಗಳಿಗೆಯಲ್ಲಿ ನನಗೂ ಗಂಭೀರವಾಗಿಯೇ ಕಂಡಿತು.

ಹುನಗುಂದದ ಹತ್ತಿರ ನಾಲ್ಕು ಎಕರೆ ಎರೆ ಹೊಲವಿದೆ. ಅದರ ಉತಾರ ತೆಗೆಸಿ, ಇಂಗ್ಲಿಷಿಗೆ ಮಾಡಿಸಿ, ನೋಟರಿಯ ಸಿಕ್ಕಾ ಹಾಕಿಸಿದೆ. ಉತಾರದಲ್ಲಿ ಎರಡು ಗುಂಟೆ "ಪೋಟ ಖರಾಬ" ಎಂದಿದೆ. ಹಳ್ಳವೋ ಕಲ್ಲೋ ಇದ್ದು ಬಿತ್ತಲು ಬಾರದ ತುಂಡಿಗೆ ಹಾಗೆನ್ನುತ್ತಾರೆ. ಅನುವಾದ ಮಾಡಿದ ಪುಣ್ಯಾತ್ಮನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಮರಾಠಿಯಲ್ಲಿ ಪೋಟ ಎಂದರೆ ಹೊಟ್ಟೆ. ಹೀಗಾಗಿ ನಮ್ಮ ಹೊಲದ ಎರಡು ಗುಂಟೆಗೆ ಹೊಟ್ಟೆ ಕೆಟ್ಟಿದೆ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಂಪು ಸಿಕ್ಕಾ ಒತ್ತಿಸಿ ಕೊಟ್ಟ. ಅದನ್ನು ಬದಲಿಸಲು ಇನ್ನೆರಡು ದಿನ.

ಪ್ರವಾಸದ ಉದ್ದೇಶ ವಿವರಿಸಿ ಒಂದು ಪತ್ರವನ್ನೂ ಬರೆಯಬೇಕಿತ್ತು. ಮೂವತ್ತು ವರ್ಷ ಹೈಸ್ಕೂಲ್ ಹುಡುಗರಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದವನು ನಾನು. ಆದರೂ ಪೆನ್ನು ಏಳಲಿಲ್ಲ. ನಮ್ಮ ಸೀಮೆಯಲ್ಲಿ ಇಂಥ ಪತ್ರ ಬರೆಯುವ ಕಲೆ ರವಿಕೀರ್ತಿಗೇ ಮುಗಿಯಿತು. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ, 634ರಲ್ಲಿ, ಇಮ್ಮಡಿ ಪುಲಿಕೇಶಿ ಯಾರು, ಯಾರನ್ನು ಗೆದ್ದ, ಎಲ್ಲೆಲ್ಲಿಗೆ ಹೋಗಿ ಬಂದ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ, ಕೊನೆಗೆ ತಾನು ಕಾಳಿದಾಸ ಭಾರವಿಯರಷ್ಟೇ ಕೀರ್ತಿವಂತ ಎಂದು ತನಗೆ ತಾನೇ ದೃಢೀಕರಣವನ್ನೂ ಕೊಟ್ಟುಕೊಂಡಿದ್ದಾನೆ. ನೋಟರಿ ಇಲ್ಲ, ಸಿಕ್ಕಾ ಇಲ್ಲ, ಹದಿಮೂರು ಶತಮಾನ ದಾಟಿದರೂ ಯಾರೂ ತಿರಸ್ಕರಿಸಿಲ್ಲ. ಅದೇ ಪುಲಿಕೇಶಿಯ ರಾಜ್ಯಕ್ಕೆ ಚೀನಾದಿಂದ ಹುಯೆನ್ ತ್ಸಾಂಗ್ ಬಂದನಲ್ಲ, ಅವನು ತನ್ನ ದೇಶದ ಗಡಿ ದಾಟಿದ್ದೇ ಅರಸನ ಅಪ್ಪಣೆ ಇಲ್ಲದೆ. ನೋಡಲು ಬಂದವನು ಒಂದೂವರೆ ದಶಕ ಈ ಕಡೆಯೇ ಉಳಿದ. ಬ್ಯಾಂಕ್ ಲೆಕ್ಕ ಎಲ್ಲಿದೆ ಎಂದು ಆ ರಾಜ್ಯದಲ್ಲಿ ಅವನನ್ನು ಯಾರಾದರೂ ಕೇಳಿದ್ದರೆ ನಮ್ಮ ಇತಿಹಾಸದ ಪುಸ್ತಕ ಎಷ್ಟೋ ಪುಟ ತೆಳ್ಳಗಾಗುತ್ತಿತ್ತು. ಮತ್ತೆ, 645ರಲ್ಲಿ ಅವನು ತಿರುಗಿ ಹೋದ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಶುಲ್ಕ ಕಟ್ಟಿದೆವು. ವೀಸಾ ಸಿಕ್ಕರೂ ಸಿಗದಿದ್ದರೂ ಹಣ ತಿರುಗಿ ಬರುವುದಿಲ್ಲ ಎಂದು ಮೊದಲೇ ಬರೆದಿತ್ತು. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದುಕೊಂಡು ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡುತ್ತಿದ್ದರು. ಅದರಲ್ಲಿ ಹಾಕಿದ್ದನ್ನೂ ತಿರುಗಿ ಕೇಳುವ ಹಾಗಿರಲಿಲ್ಲ. ಆದರೆ ಅಲ್ಲಿ ಹಾಕಿದವನ ಮನೆಗೆ ಉಳಿತಾಯವಾಗುತ್ತಿತ್ತು.

ಬೆರಳಚ್ಚು ಕೊಡುವಾಗ ಹೆಂಡತಿಯ ಬೆರಳು ಯಂತ್ರಕ್ಕೆ ಹಿಡಿಸಲಿಲ್ಲ. ಮಗ್ಗದ ಮನೆಯ ಮಗಳು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸಣ್ಣವಳಿದ್ದಾಗಿನಿಂದ ಆ ಎಳೆಗಳ ಜೊತೆ ಆಡಿದ ಬೆರಳು, ಮುಂದೆ ನಲವತ್ತು ವರ್ಷ ರೊಟ್ಟಿ ತಟ್ಟಿದ ಬೆರಳು. ಗೆರೆ ಎಲ್ಲಿ ಉಳಿಯಬೇಕು? ಒರೆಸಿ, ತೊಳೆದು, ಕೆನೆಯಂಥದ್ದೇನೋ ಹಚ್ಚಿ, ಏಳನೆಯ ಸಲಕ್ಕೆ ಯಂತ್ರ ಒಪ್ಪಿತು. "ನನ್ನ ಕೈ ಗುಣಾ ಅದಕ ಏನ್ ತಿಳೀಬೇಕ" ಎಂದಳು.

ಸಂದರ್ಶನ ಚೆನ್ನೈನಲ್ಲಿ. ಒಳಗೆ ಸಾಲು ನಿಂತಾಗ ನಾನು ನೆಲ ನೋಡುತ್ತಿದ್ದೆ. ನುಣ್ಣಗೆ ಹೊಳೆಯುವ ಕೆಂಪು ಗ್ರಾನೈಟು, ಅದೇ ಬಣ್ಣ, ಅದೇ ಚುಕ್ಕೆ. ಇಳಕಲ್ಲಿನ ಖಣಿಯದೇ ಇರಬೇಕು ಎಂದು ಹೆಂಡತಿಗೆ ಪಿಸುಗುಟ್ಟಿದೆ. ನಮ್ಮೂರ ಕಲ್ಲು ಹಡಗು ಹತ್ತಿ ಎಷ್ಟು ದೇಶಗಳಿಗೆ ಹೋಗುವುದಿಲ್ಲ! ಅದಕ್ಕೆ ತಿರುಗಿ ಬರುವ ಇರಾದೆ ಒಂದಿಷ್ಟೂ ಇರುವುದಿಲ್ಲ. ಹೋದದ್ದು ಅಲ್ಲೇ ಮನೆ ಕಟ್ಟಿ ಕಾಯಂ ಆಗಿಬಿಡುತ್ತದೆ. ಅದನ್ನು ಯಾರೂ ಗಾಜಿನ ಮುಂದೆ ನಿಲ್ಲಿಸಿ ಕೇಳಿದ್ದಿಲ್ಲ.

ಗಾಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಬೆಂಗಳೂರು ಕನ್ನಡದ ದುಭಾಷಿ ಹೆಣ್ಣುಮಗಳು. ಹನ್ನೊಂದು ದಿನದ ಕಾರ್ಯಕ್ರಮ, ಮ್ಯೂಸಿಯಮ್ಮುಗಳ ಹೆಸರು ಎಲ್ಲ ನಾನು ಬಾಯಿಪಾಠ ಮಾಡಿದ್ದೆ. ಅಧಿಕಾರಿ ನನ್ನನ್ನು ಬಿಟ್ಟು ನಮ್ಮಾಕೆಯನ್ನು ನೋಡಿದ.

"ಯಾಕೆ ಹೋಗ್ತಾ ಇದೀರಾ?"

"ನೋಡಾಕ ಹೊಂಟೀವ್ರಿ."

"ಏನು ನೋಡೋದಕ್ಕೆ?"

"ಅದು ಹ್ವಾದಮ್ಯಾಲ ಗೊತ್ತಾಗ್ತೈತ್ರಿ. ಗೊತ್ತಿದ್ದದ್ದ ನೋಡಾಕ ಯಾರರ ಅಷ್ಟು ದೂರ ಹೋಗ್ತಾರೇನ್ರಿ?"

ನನಗೆ ಇದು ಅತ್ಯಂತ ತರ್ಕಬದ್ಧವಾಗಿ ಕಂಡಿತು. ಅಧಿಕಾರಿ ಟೈಪ್ ಮಾಡಿದ.

"ಅಲ್ಲಿ ನಿಮ್ಮವರು ಯಾರಿದ್ದಾರೆ?"

"ಅಳಿಯ ಅದಾನ್ರಿ."

ದುಭಾಷಿ ಇದನ್ನು ಮಗಳ ಗಂಡ ಎಂದು ಇಂಗ್ಲಿಷಿಗೆ ಸಾಗಿಸಿದಳು. ಅಧಿಕಾರಿ ಅರ್ಜಿ ತಿರುವಿದ. ಅದರಲ್ಲಿ ಒಬ್ಬನೇ ಮಗ, ಮಗಳು ಇಲ್ಲ ಎಂದಿದೆ. ಮಗಳ ವಿಷಯ ಯಾಕೆ ಬರೆದಿಲ್ಲ ಎಂದು ಕೇಳಿಸಿದ.

"ಮಗಳೇ ಇಲ್ರಿ ನಮಗ."

"ಹಾಗಾದ್ರೆ ಅಳಿಯ ಹೇಗೆ ಬಂದ್ರು?"

"ನನ್ನ ತಮ್ಮಗ ಹುಟ್ಟಿ ಬಂದಾನ್ರಿ!"

ನಾನು ನಡುವೆ ಬಾಯಿ ಹಾಕಿದೆ. ತಮ್ಮನ ಮಗ ಸೋದರಳಿಯ, ಸೋದರಳಿಯನೇ ಮಗಳನ್ನು ಲಗ್ನವಾಗುವ ಸಂಬಂಧ ನಮ್ಮಲ್ಲಿ ಹಿಂದಿನಿಂದ ಉಂಟು, ಅದಕ್ಕೇ ಎರಡಕ್ಕೂ ಒಂದೇ ಶಬ್ದ ಸಾಕಾಗಿದೆ ಎಂದು ಹತ್ತನೆಯ ಇಯತ್ತೆಯ ಹುಡುಗರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ಟೈಪ್ ಮಾಡಿದ. ಮಾಸ್ತರಿಕೆಯಲ್ಲಿ ಕೂಡ ನನ್ನ ಮಾತನ್ನು ಯಾರೂ ಇಷ್ಟು ಶ್ರದ್ಧೆಯಿಂದ ಬರೆದುಕೊಂಡಿರಲಿಲ್ಲ.

"ಕೊನೇದು. ಅಲ್ಲಿ ಇರೋಷ್ಟು ದಿನ ಏನು ಮಾಡ್ತೀರಾ?"

ಹೆಂಡತಿಗೆ ಸಿಟ್ಟು ಬಂದದ್ದು ಆಗ. ಮಂದಿ ಮನೆಗೆ ಹೋಗಿ ಬಿಟ್ಟಿ ಕೂತು ಉಣ್ಣುವವಳೇ ತಾನು? "ಸುಮ್ಮನ ಕುಂಡ್ರೂ ಪೈಕಿ ಅಲ್ರಿ ನಾ. ಯಾವ ಕೆಲಸ ಬಿದ್ರೂ ಮಾಡ್ತೀನಿ!"

ದುಭಾಷಿ ಇದನ್ನು ಮಾತ್ರ ಒಂದಕ್ಷರ ಬಿಡದೆ ಸರಿಯಾಗಿ ಅನುವಾದಿಸಿದಳು.

ಒಂದು ಹಾಳೆ ಕೈಗೆ ಬಂತು. ಇವರು ತಮ್ಮ ಊರಿಗೆ ತಿರುಗಿ ಬರುವವರು ಎಂಬ ನಂಬಿಕೆ ಬರಲಿಲ್ಲ ಎಂಬುದು ಅದರ ಸಾರ. ಹೆಂಡತಿ ಸೆರಗು ಸರಿಮಾಡಿಕೊಂಡು, ರೂಢಿಯಂತೆ ಗಾಜಿಗೆ ಕೈಮುಗಿದು, "ಬರ್ತೀವ್ರಿ" ಎಂದಳು. ದುಭಾಷಿ ಆಗಲೇ ಮುಂದಿನವರನ್ನು ಕರೆಯುತ್ತಿದ್ದಳು.

ಬೆಂಗಳೂರಿಗೆ ಬಂದು ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿದೆವು. ಎದುರು ಸೀಟಿನಲ್ಲಿ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಹಿರಿಯ ಹೆಣ್ಣುಮಗಳು. ಗಾಡಿ ಇನ್ನೂ ಯಶವಂತಪುರ ದಾಟಿರಲಿಲ್ಲ, ಶುರು ಮಾಡಿದಳು. ಯಾವೂರು? ಎಲ್ಲಿಗೆ ಹೋಗಿದ್ರಿ? ಯಾಕ? ಮಕ್ಕಳೆಷ್ಟು? ಏನ್ ಮಾಡ್ತಾನ? ಪಗಾರ ಎಷ್ಟು? ಸ್ವಂತ ಮನಿ ಐತೋ, ಬಾಡಿಗೀದೋ? ಹೊಲ ಎಷ್ಟೆಕರೆ? ನೀರಾವರಿ ಏನು? ನಾನು ದಂಗಾಗಿ ಕೂತೆ. ಬೆಳಿಗ್ಗೆ ಗಾಜಿನ ಆಚೆಯಿಂದ ಬಂದದ್ದೂ ಇವೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಬಾಗಲಕೋಟೆ–ಹುನಗುಂದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ನಾನು ಇಡೀ ಆಯುಷ್ಯ ಕೇಳಿದ್ದೂ ಇವೇ. ಪಗಾರದ ಲೆಕ್ಕದಲ್ಲಿ ಕೈಗೆ ಎಷ್ಟು, ಕಟ್ ಎಷ್ಟು ಎಂಬ ವಿವರಕ್ಕೆ ಹೋಗುವುದರಲ್ಲಿ ಆ ಅಧಿಕಾರಿಗಿಂತ ನಾವೇ ಒಂದು ಕೈ ಮೇಲು.

"ಅಳಿಯ ಅದಾನ್ರಿ ಅಲ್ಲಿ" ಎಂದಳು ಹೆಂಡತಿ.

"ತಮ್ಮನ ಮಗನೇನ?" ಎಂದಳು ಆಕೆ. ನನಗೆ ಎದ್ದು ನಿಂತು ಕೈಮುಗಿಯಬೇಕೆನಿಸಿತು.

ಪ್ರಶ್ನೆ ಮುಗಿದ ಮೇಲೆ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ. "ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ ಐತಿ, ಬರ್ರಿ. ಬಾದಾಮಿಯಿಂದ ಹತ್ತಿರ. ನಾಟಕ ಬರ್ತಾವ, ನೋಡೀರಂತ, ನಮ್ಮನ್ಯಾಗ ವಸ್ತಿ ಮಾಡೀರಂತ" ಎಂದಳು. ಎಷ್ಟು ದಿನ ಇರುತ್ತೀರಿ ಎಂಬುದೊಂದನ್ನು ಮಾತ್ರ ಕೇಳಲಿಲ್ಲ.

ಹೆಂಡತಿ ಮನೆಯ ವಿಳಾಸ ಬರೆದುಕೊಳ್ಳಲು ಕಾಗದ ಕೇಳಿದಳು. ಫೈಲು ಬಿಚ್ಚಿದೆ. ಉತಾರ, ಬ್ಯಾಂಕ್ ಲೆಕ್ಕ, ಪೆನ್ಶನ್ ಆದೇಶ ಯಾವುದರಲ್ಲೂ ನೋಟರಿ ಸಿಕ್ಕಾ ಇಲ್ಲದ ಜಾಗ ಇರಲಿಲ್ಲ. ಚೆನ್ನೈಯ ಹಾಳೆಯ ಬೆನ್ನು ಪೂರಾ ಖಾಲಿ ಇತ್ತು. ಕೊಟ್ಟೆ.