ಆಕಾಶದ ಗುಜರಿ

ಆಕಾಶದಿಂದ ಏನಾದರೂ ಉರಿದುಕೊಂಡು ಬಿತ್ತೆಂದರೆ ನಮ್ಮ ಹಿಂದಿನವರು ಮೊದಲು ಜೋಯಿಸರನ್ನು ಹುಡುಕುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕೆಗೆಂದೇ ಒಂದು ಅಧ್ಯಾಯವಿದೆ. ಯಾವ ಬಗೆಯದು ಬಿದ್ದರೆ ಯಾರಿಗೆ ಕೇಡು ಎಂಬ ಲೆಕ್ಕಾಚಾರ ಅಲ್ಲುಂಟು. ಈಗ ಅದೇ ಉಲ್ಕೆಯನ್ನು ತೆಳ್ಳಗೆ ಕೊಯ್ದು, ಬಿಳಿ ಚಿನ್ನದ ಕೇಸಿನೊಳಗೆ ಕೂರಿಸಿ, ಎಡಗೈಗೆ ಕಟ್ಟಿಕೊಂಡು ತಿರುಗುವ ಕಾಲ. ಕೇಡೇನೂ ತಪ್ಪಿಲ್ಲ, ಕಂತಿನಲ್ಲಿ ಬರುತ್ತದೆ ಅಷ್ಟೆ. ಶನಿವಾರ ಕಬ್ಬಿಣ ಮನೆಗೆ ತರಬಾರದೆಂದು ನಾಲ್ಕು ಮೊಳೆ ಕೊಳ್ಳುವುದನ್ನೂ ಸೋಮವಾರಕ್ಕೆ ಮುಂದೂಡುವವರು, ರಜೆ ಸಿಕ್ಕಿತೆಂದು ಶನಿವಾರವೇ ಶೋರೂಮಿಗೆ ಹೋಗಿ ಈ ಕಬ್ಬಿಣಕ್ಕೆ ಮುಂಗಡ ಕೊಟ್ಟು ಬರುತ್ತಾರೆ.

ಹೌದು, ಕಬ್ಬಿಣವೇ. ಸ್ವಲ್ಪ ನಿಕಲ್ ಬೆರೆತದ್ದು. ವಾಚಿನವರಿಗೆ ಬೇಕಾದದ್ದು ಅದರ ಮೈಮೇಲಿನ ಗೆರೆಗಳು. ಯಾವುದೋ ಪುಟ್ಟ ಗ್ರಹಕಾಯದ ಹೊಟ್ಟೆಯೊಳಗೆ ಕರಗಿದ್ದ ಲೋಹ, ಹತ್ತು ಲಕ್ಷ ವರ್ಷಕ್ಕೆ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಡಿಗ್ರಿಯಂತೆ ನಿಧಾನಕ್ಕೆ ತಣಿಯುತ್ತ ಬಂದಾಗ, ನಿಕಲ್ ಕಡಿಮೆಯಿರುವ ಮತ್ತು ಹೆಚ್ಚಿರುವ ಎರಡು ಬಗೆಯ ಹರಳುಗಳು ಪಟ್ಟಿ ಪಟ್ಟಿಯಾಗಿ ಚಾಪೆಯಂತೆ ಹೆಣೆದುಕೊಳ್ಳುತ್ತವೆ. ಕೊಯ್ದು, ಉಜ್ಜಿ, ಆಸಿಡ್ ಸವರಿದರೆ ಆ ಹೆಣಿಗೆ ಮೇಲೇಳುತ್ತದೆ. 1808ರಲ್ಲಿ ವಿಯೆನ್ನಾದ ಕೌಂಟ್ ವಿಡ್‌ಮನ್‌ಸ್ಟೆಟನ್ ಇದನ್ನು ಗುರುತಿಸಿದ್ದರಿಂದ ವಿನ್ಯಾಸಕ್ಕೆ ಅವನದೇ ಹೆಸರು. ಅವನಿಗಿಂತ ನಾಲ್ಕು ವರ್ಷ ಮೊದಲೇ ನೇಪಲ್ಸ್‌ನಲ್ಲಿದ್ದ ವಿಲಿಯಂ ಥಾಮ್ಸನ್ ಎಂಬಾತ ಇದನ್ನೇ ಕಂಡು ಬರೆದಿದ್ದ. ಏನು ಮಾಡುವುದು, ಅವನು ಕೌಂಟ್ ಆಗಿರಲಿಲ್ಲ.

ಒಮೆಗಾ 2010ರಲ್ಲಿ ಅಪೊಲೊ-ಸೊಯುಜ್ ನೆನಪಿನ ವಾಚಿಗೆ ಇಂಥ ಡಯಲ್ ಹಾಕಿತು. ರೋಲೆಕ್ಸ್ 2019ರಲ್ಲಿ ಜಿಎಂಟಿ ಮಾಸ್ಟರ್‌ಗೆ, 2021ರಲ್ಲಿ ಡೇಟೋನಾಕ್ಕೆ ಅದನ್ನು ಕೂರಿಸಿತು. ಚಿನ್ನದ ಕೇಸಿನ ಈ ರೋಲೆಕ್ಸ್‌ಗಳ ಬೆಲೆ ಲಕ್ಷಗಳಲ್ಲಿ, ಅದೂ ಎರಡಂಕಿಯ ಲಕ್ಷಗಳಲ್ಲಿ. ದುಡ್ಡಿದ್ದರೆ ಸಿಕ್ಕಿತೆಂದುಕೊಳ್ಳಬೇಡಿ. ಇಂಥ ಅಂಗಡಿಗಳಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯುವಾಗ ಸುಮ್ಮನೆ ಕೂರದೆ ಬೇಡದ ಇನ್ನೆರಡು ವಾಚು ಕೊಂಡರೆ ಸರತಿ ಬೇಗ ಬರುತ್ತದೆಂಬ ನಂಬಿಕೆಯೂ ಇದೆ. ಹರಕೆ ಹೊರುವವರಿಗೆ ಇದೇನೂ ಹೊಸದಲ್ಲ.

ಕೊನೆಗೊಂದು ದಿನ ಶೋರೂಮಿನ ಹುಡುಗ ಕೈಗವಸು ಹಾಕಿಕೊಂಡು, ಮಖಮಲ್ಲಿನ ತಟ್ಟೆಯಲ್ಲಿ ವಾಚನ್ನು ತಂದಿಡುತ್ತಾನೆ. ಒಂದು ಭೂತಗನ್ನಡಿಯನ್ನೂ ಕೊಡುತ್ತಾನೆ. "ಇದರ ವಯಸ್ಸು 450 ಕೋಟಿ ವರ್ಷ ಸರ್. ಇನ್ನೊಂದು ಇಂಥದ್ದು ಪ್ರಪಂಚದಲ್ಲೇ ಇಲ್ಲ." ಸರ್ ಕಣ್ಣು ಕಿರಿದು ಮಾಡಿ ಗೆರೆ ನೋಡುತ್ತಾರೆ, ತಲೆದೂಗುತ್ತಾರೆ. ಅವರ ಕಾರು ಮೂರು ವರ್ಷಕ್ಕೇ ಹಳತಾಗುತ್ತದೆ, ಫೋನು ಒಂದೇ ವರ್ಷಕ್ಕೆ. ಹುಡುಗ ಆಗಲೇ ಪಕ್ಕದ ಮೇಜಿನವರಿಗೂ ಇನ್ನೊಂದು ಇಂಥದ್ದು ಇಲ್ಲವೆಂದು ಹೇಳಲು ಹೋಗಿರುತ್ತಾನೆ.

ಅವನು ಹೇಳದ ಮಾತೊಂದಿದೆ. ಸರ್ ಮನೆಯ ದೋಸೆ ಕಾವಲಿಯ ಕಬ್ಬಿಣವೂ ನಿನ್ನೆ ಮೊನ್ನೆಯದಲ್ಲ. ಕಬ್ಬಿಣ ಭೂಮಿಯ ಮೇಲೆ ಹುಟ್ಟಿದ್ದೇ ಅಲ್ಲ. ಸೂರ್ಯನಿಗೂ ಮೊದಲು ಸತ್ತ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದದ್ದು. ಉಲ್ಕೆಯದು ಬಾನಿನಲ್ಲಿ ಅಲೆಯುತ್ತ ಉಳಿಯಿತು, ಕಾವಲಿಯದು ಭೂಮಿಯ ಪಾಲಿಗೆ ಬಂತು, ಅಷ್ಟೇ ವ್ಯತ್ಯಾಸ. ಬಳ್ಳಾರಿ, ಸಂಡೂರಿನ ಗುಡ್ಡಗಳಿಂದ ಅದೇ ನಕ್ಷತ್ರದ ಮಾಲು ಲಾರಿ ಲಾರಿಯಾಗಿ ಬಂದರಿಗೆ ಹೋಗುತ್ತಿದ್ದಾಗ ಯಾರೂ ಅದರ ಅಸಲಿತನದ ಸರ್ಟಿಫಿಕೇಟ್ ಕೇಳಲಿಲ್ಲ. ಲೋಕಾಯುಕ್ತ ವರದಿ ಓದಿದರೆ, ಎಷ್ಟೋ ಕಡೆ ಪರ್ಮಿಟ್ಟನ್ನೂ ಕೇಳಿರಲಿಲ್ಲ.

ಸಮಯ ತೋರಿಸುವ ವಿಷಯ? ಅದನ್ನು ಕೇಳುವುದು ಇಂಥ ಅಂಗಡಿಯಲ್ಲಿ ಮರ್ಯಾದೆಯಲ್ಲ. ರೋಲೆಕ್ಸ್ ತನ್ನ ವಾಚಿಗೆ ದಿನಕ್ಕೆ ಎರಡು ಸೆಕೆಂಡು ಹಿಂದುಮುಂದಾಗುವ ಸ್ವಾತಂತ್ರ್ಯ ಕೊಟ್ಟಿದೆ. ತಿಂಗಳಿಗೆ ಒಂದು ನಿಮಿಷ. ಪ್ಲಾಸ್ಟಿಕ್ ಪಟ್ಟಿಯ ಕ್ಯಾಸಿಯೊ ಎಫ್-91ಡಬ್ಲ್ಯು ತಿಂಗಳಿಗೆ ಮೂವತ್ತು ಸೆಕೆಂಡಿನೊಳಗೇ ಇರುತ್ತೇನೆಂದು ಮಾತು ಕೊಡುತ್ತದೆ. ಪಾಪ, ಅದಕ್ಕೆ ಮನೆತನವಿಲ್ಲ.

ಬಿದ್ದ ಕಬ್ಬಿಣವನ್ನು ಜನ ಹಿಂದೆಯೂ ಹೆಕ್ಕಿಕೊಂಡಿದ್ದಾರೆ. ಆದರೆ ಅವರಿಗೆ ಕೆಲಸವಿತ್ತು. ವಾಚಿನ ಡಯಲುಗಳಿಗೆ ಹೆಸರಾದ ಗಿಬಿಯನ್ ಉಲ್ಕೆ ಬಿದ್ದದ್ದು ಇಂದಿನ ನಮೀಬಿಯಾದಲ್ಲಿ. ಅಲ್ಲಿಯ ನಾಮಾ ಜನ ಅದರಿಂದ ಹತ್ಯಾರು, ಆಯುಧ ಮಾಡಿಕೊಂಡಿದ್ದರು. ಇಂಗ್ಲಿಷರ ಕಣ್ಣಿಗೆ ಅದು ಬಿದ್ದದ್ದು 1836ರಲ್ಲಿ. ಈಗ ಅದಕ್ಕೆ ಅಲ್ಲಿ ಕಾನೂನಿನ ಕಾವಲಿದೆ, ದೇಶದಿಂದ ಒಯ್ಯುವಂತಿಲ್ಲ. ಒಂದಷ್ಟು ಗುಂಡುಗಳನ್ನು ರಾಜಧಾನಿ ವಿಂಡ್‌ಹುಕ್‌ನ ಪೇಟೆಬೀದಿಯಲ್ಲಿ ಕಂಬದ ಮೇಲೆ ನಿಲ್ಲಿಸಿದ್ದಾರೆ. ಹಾಗಾದರೆ ಡಯಲಿಗೆ ಎಲ್ಲಿಂದ ಬಂತೆಂದು ಕೇಳಿದರೆ ಮಾರುವವರ ಉತ್ತರ ಸಿದ್ಧವಿದೆ: ಕಾನೂನಿಗಿಂತ ಮುಂಚೆಯೇ ಹೊರಬಂದ ಹಳೆಯ ದಾಸ್ತಾನು. ಆ ದಾಸ್ತಾನಿಗೆ ಅಕ್ಷಯಪಾತ್ರೆಯ ವರವಿದ್ದಂತಿದೆ.

ಜಹಾಂಗೀರನ ಕತೆ ಇನ್ನೂ ಸೊಗಸು. 1621ರ ಏಪ್ರಿಲ್‌ನಲ್ಲಿ ಜಲಂಧರದ ಹಳ್ಳಿಯೊಂದರಲ್ಲಿ ಭಾರೀ ಸದ್ದಿನೊಡನೆ ಬೆಳಕೊಂದು ಬಿತ್ತು. ಹುಲ್ಲು ಸುಟ್ಟ ಜಾಗ ಅಗೆಸಿದರೆ ಬಿಸಿಬಿಸಿ ಕಬ್ಬಿಣದ ಗಟ್ಟಿ. ಬಾದಶಹ ತೂಗಿಸಿದ, 160 ತೊಲ. ಉಸ್ತಾದ್ ದಾವೂದನನ್ನು ಕರೆಸಿ ಕತ್ತಿ ಮಾಡೆಂದ. ಸುತ್ತಿಗೆ ಬಿದ್ದರೆ ಪುಡಿಯಾಗುತ್ತದೆ ಎಂದು ಉಸ್ತಾದ್ ಬಂದು ಹೇಳಿದ. ಹಾಗಿದ್ದರೆ ಮಾಮೂಲಿ ಕಬ್ಬಿಣ ಬೆರೆಸು ಎಂದು ಅಪ್ಪಣೆಯಾಯಿತು. ಸಿಡಿಲಿನ ಕಬ್ಬಿಣ ಮೂರು ಪಾಲು, ನೆಲದ್ದು ಒಂದು ಪಾಲು ಸೇರಿಸಿ ಎರಡು ಕತ್ತಿ, ಒಂದು ಕಠಾರಿ, ಒಂದು ಚಾಕು ತಯಾರಾದವು. ಕತ್ತಿ ಕಡಿಯುತ್ತದೋ ಇಲ್ಲವೋ ಎಂದು ತನ್ನೆದುರೇ ಪರೀಕ್ಷೆ ಮಾಡಿಸಿ, ಅದನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಟ್ಟ. ಆ ಚಾಕು ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಬೆರಕೆ ಮಾಡಿಸಿದೆ ಎಂದು ಬಾದಶಹನೇ ಒಪ್ಪಿ ಬರೆದ ಏಕೈಕ ಉಲ್ಕಾ ಬ್ರ್ಯಾಂಡ್ ಇದಿರಬೇಕು.

ನಗು ಬಾರದ ಕತೆಯೂ ಇದೆ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ತಲೆಮಾರುಗಳಿಂದ ಕೇಪ್ ಯಾರ್ಕ್ ಉಲ್ಕೆಯಿಂದ ಚೂರು ಕೆತ್ತಿ ಚಾಕು, ಈಟಿಮೊನೆ ಮಾಡಿಕೊಳ್ಳುತ್ತಿದ್ದರು. ರಾಬರ್ಟ್ ಪಿಯರಿ ಎಂಬ ಅಮೆರಿಕದ ಸಾಹಸಿ ಬಂದು, ಅವರ ಕೈಯಲ್ಲೇ ಎಳೆಸಿ, 1897ರಲ್ಲಿ ಅದರ 31 ಟನ್ನಿನ ತುಂಡನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಒಯ್ದ. ಅಲ್ಲಿಯ ಮ್ಯೂಸಿಯಂ ಒಂದು ಮುಂದೆ ಅದಕ್ಕೆ ನಲವತ್ತು ಸಾವಿರ ಡಾಲರ್ ಕೊಟ್ಟಿತು. ಅದೇ ಹಡಗಿನಲ್ಲಿ ಆರು ಮಂದಿ ಇನ್ಯೂಟರನ್ನೂ ಕರೆದೊಯ್ದಿದ್ದ. ನಾಲ್ವರು ಕೆಲವೇ ತಿಂಗಳಲ್ಲಿ ಸತ್ತರು. ಸತ್ತವರಲ್ಲೊಬ್ಬನ ಮಗ ಮಿನಿಕ್, ಇನ್ನೂ ಪುಟ್ಟ ಹುಡುಗ. ಅವನ ಕಣ್ಣಿಗೆ ಮಣ್ಣೆರಚಲು ಅಪ್ಪನ ಸುಳ್ಳು ಶವಸಂಸ್ಕಾರ ಮಾಡಿ, ಎಲುಬುಗಳನ್ನು ಮ್ಯೂಸಿಯಮ್ಮಿನಲ್ಲೇ ಇಟ್ಟುಕೊಂಡರು. ಅವು ಊರಿಗೆ ಮರಳಿದ್ದು 1993ರಲ್ಲಿ. ಕಬ್ಬಿಣ ನ್ಯೂಯಾರ್ಕಿನಲ್ಲೇ ಇದೆ. ಆಕಾಶದ ಲೋಹದ ಬಗ್ಗೆ ಹೊಳೆಹೊಳೆವ ಕಾಗದದಲ್ಲಿ ಕ್ಯಾಟಲಾಗು ಅಚ್ಚು ಹಾಕುವವರು ಈ ಪುಟವನ್ನು ಯಾಕೋ ಬಿಟ್ಟಿರುತ್ತಾರೆ.

ನಮ್ಮಲ್ಲೂ ಕೈಗಡಿಯಾರಕ್ಕೂ ಆಕಾಶಕ್ಕೂ ನಂಟು ಬೆಳೆದಿದೆ, ಸ್ವಲ್ಪ ತಿರುವುಮುರುವಾಗಿ. ಕೀಲಿ ಕೊಡುವ ವಾಚನ್ನು ಮೇಷ್ಟರು, ಗುಮಾಸ್ತರ ಕೈಗೂ ಎಟಕಿಸಿದ ಎಚ್‌ಎಂಟಿಯ ತುಮಕೂರು ಕಾರ್ಖಾನೆ ಬಾಗಿಲು ಹಾಕಿತು; ಆ ಜಾಗ ಇಸ್ರೋ ಪಾಲಾಯಿತು. ಸ್ವಿಸ್ಸಿನವರು ವಾಚಿನೊಳಗೆ ಅಂತರಿಕ್ಷ ತುರುಕಿದರೆ, ನಾವು ವಾಚ್ ಕಾರ್ಖಾನೆಯೊಳಗೇ ಅಂತರಿಕ್ಷವನ್ನು ತಂದೆವು. ಇನ್ನು 2016ರಲ್ಲಿ ಮುಖ್ಯಮಂತ್ರಿಗಳ ಕೈಯಲ್ಲಿದ್ದ ಹುಬ್ಲೋ ವಾಚು ಸದನದಲ್ಲಿ ಗದ್ದಲ ಎಬ್ಬಿಸಿ, ಕಡೆಗೆ ಸರ್ಕಾರದ ಆಸ್ತಿಯಾದದ್ದು ಎಲ್ಲರಿಗೂ ನೆನಪಿದೆ. ಗೆಳೆಯರು ಕೊಟ್ಟದ್ದು ಎಂಬ ಉತ್ತರ ಆಗ ಯಾರಿಗೂ ಸಾಲಲಿಲ್ಲ. ಉಲ್ಕೆಯ ಡಯಲಿನ ವಾಚಾಗಿದ್ದರೆ "ಯಾರೂ ಕೊಟ್ಟದ್ದಲ್ಲ, ಮೇಲಿನಿಂದ ತಾನಾಗಿ ಬಿತ್ತು" ಎನ್ನುವ ಅನುಕೂಲವಾದರೂ ಇರುತ್ತಿತ್ತು.

ಕೊಳ್ಳುವವರಿಗೆ ಒಂದು ಕಿವಿಮಾತು, ವಿಶೇಷವಾಗಿ ಮಂಗಳೂರು, ಉಡುಪಿ ಕಡೆಯವರಿಗೆ. ನಿರ್ವಾತದಲ್ಲಿ ಕೋಟಿಗಟ್ಟಲೆ ವರ್ಷ ಏನೂ ಆಗದಿದ್ದ ಈ ಲೋಹ ನಮ್ಮ ತೇವದ ಗಾಳಿ ಸೋಕಿದರೆ ತುಕ್ಕು ಹಿಡಿಯುತ್ತದೆ. ಹಾಗಾಗದಂತೆ ಡಯಲಿಗೆ ಲೇಪ ಕೊಟ್ಟು, ಗಾಜು, ರಬ್ಬರಿನೊಳಗೆ ಬಿಗಿಯಾಗಿ ಮುಚ್ಚಿಡುತ್ತಾರೆ. ಅದಕ್ಕೆ ವಾರಂಟಿ ಕಾರ್ಡೂ ಉಂಟು, ಸೀಲು ಸಹಿಯೊಡನೆ. ಐದು ವರ್ಷ.