ಆವಾಗ ಎಲ್ಲಿದ್ರಿ?

ಮಂಡ್ಯ ಸೀಮೆಯ ಯಾವ ವಾಟ್ಸಾಪ್ ಗ್ರೂಪಿಗೆ ಹೋದರೂ ಈ ಅಣ್ಣ ಇದ್ದೇ ಇರುತ್ತಾರೆ. ಡಿಪಿಯಲ್ಲಿ ಹಸಿರು ಶಾಲು. ಬೆಳಗ್ಗೆ ಕೋಳಿ ಕೂಗುವ ಮೊದಲೇ ಕೆಆರ್‌ಎಸ್ ಮಟ್ಟ ಹಾಕುತ್ತಾರೆ: ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇಷ್ಟರ ಮಟ್ಟಿಗೆ ಪರೋಪಕಾರಿ. ತೊಂದರೆ ಶುರುವಾಗುವುದು ಯಾರಾದರೂ ಅದನ್ನು ಓದಿ ಯೋಚನೆ ಮಾಡಿದಾಗ.

ಮೊನ್ನೆ ಮದ್ದೂರು ಕಡೆಯ ಹುಡುಗನೊಬ್ಬ ಕೇಳಿದ: 'ಅಣ್ಣ, ಡ್ಯಾಮಲ್ಲಿ ಇಷ್ಟೇ ನೀರಿದ್ರೆ ಬೇಸ್ಗೇಲಿ ಭತ್ತ ಬುಟ್ಟು ರಾಗಿ ಆಕೋದು ವಾಸಿ ಅಲ್ವಾ?'

'2018ರಲ್ಲಿ ಕಾವೇರಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಆವಾಗ ಎಲ್ಲಿದ್ದೆ?'

ಹುಡುಗ ಓದಿಕೊಂಡವನು. 'ಅದ್ರಲ್ಲಿ ನಮ್ಗೆ 14.75 ಟಿಎಂಸಿ ಜಾಸ್ತೀನೇ ಸಿಕ್ತಲ್ಲಣ್ಣ. 270 ಇದ್ದಿದ್ದು 284.75 ಆಯ್ತು.'

'ಆ 270 ಅಂತ ನ್ಯಾಯಮಂಡಳಿ ಬರೀತಲ್ಲ 2007ರಲ್ಲಿ, ಆವಾಗ?'

'ಐಸ್ಕೂಲಲ್ಲಿದ್ದೆ.'

'1991ರ ಮಧ್ಯಂತರ ಆದೇಶ?'

'ಉಟ್ಟಿರ್ನಿಲ್ಲ ಅಣ್ಣ.'

'ನೋಡ್ರಪ್ಪಾ! ಉಟ್ಟೇ ಇರ್ನಿಲ್ವಂತೆ, ಕಾವೇರಿ ಬಗ್ಗೆ ಮಾತಾಡಕ್ ಬಂದವ್ನೆ.'

ಅಲ್ಲಿಂದ ಅಣ್ಣ 1924ಕ್ಕೆ ಹೋದರು. ಮೈಸೂರು, ಮದ್ರಾಸಿನವರು ಒಪ್ಪಂದಕ್ಕೆ ಸಹಿ ಹಾಕುವಾಗ ಗ್ರೂಪಿನಲ್ಲಿ ಯಾರೂ ಹುಟ್ಟಿರಲಿಲ್ಲ, ಅಣ್ಣನ ತಂದೆಯೂ ಸೇರಿ. ಆದರೂ ಅಣ್ಣ ಬರೆದಿದ್ದು ನೋಡಿದರೆ ಮಸಿಕುಡಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದವರ ಹಾಗಿತ್ತು. ನಡುವೆ ಯಾರೋ 'ಎರಡು ಟಗರು ಮಾರಾಟಕ್ಕಿವೆ' ಅಂತ ಹಾಕಿದರು. ಅಡ್ಮಿನ್ನು ಎಂದಿನಂತೆ 'ರಾಜಕೀಯ ಬ್ಯಾಡಿ' ಅಂದ. ಮಳವಳ್ಳಿಯವರೊಬ್ಬರು, 'ನಾಲೆ ಕೊನೇಲಿರೋ ನಮ್ಗೆ ನೀರೇ ಬತ್ತಿಲ್ಲ, ತೊರೆಕಾಡನಹಳ್ಳಿಯಿಂದ ಬೆಂಗ್ಳೂರಿಗ್ ಮಾತ್ರ ಓಯ್ತಾ ಅದೆ' ಎಂದರು. ನನಗೆ ಕೇಳಿದರೆ ಆ ದಿನ ಗ್ರೂಪಿನಲ್ಲಿ ಬಂದ ಮಾತುಗಳಲ್ಲಿ ತೂಕದ ಮಾತು ಅದೊಂದೇ. ಅದಕ್ಕೆ ಬಂದ ಉತ್ತರ, ಕೈಮುಗಿದ ಎಮೋಜಿ ಒಂದು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ವ್ಯಾಪಾರ ಬಿತ್ತು ಅಂತ ವಡೆ ಮಾರುವವನೊಬ್ಬ ಅಳಲು ತೋಡಿಕೊಂಡಾಗಲೂ ಇದೇ ಕಥೆ. '2023ರಲ್ಲಿ ಗೆಜ್ಜಲಗೆರೇಲಿ ಉದ್ಘಾಟ್ನೆ ಮಾಡುದ್ರಲ್ಲ, ಆವಾಗ ಎಲ್ಲಿದ್ದೆ?' ಅವನು ಪಾಪ, 'ಅಲ್ಲೇ ವಡೆ ಮಾರ್ತಿದ್ದೆ, ನೀವೂ ನಾಕ್ ತಿಂದ್ರಿ' ಅಂದುಬಿಟ್ಟ. ಅಣ್ಣ ಗ್ರೂಪಿನಿಂದಲೇ ಎದ್ದು ಹೋದರು. ಸಂಜೆ ಅಡ್ಮಿನ್ನೇ ಮತ್ತೆ ಸೇರಿಸಿದ; ಇಲ್ಲದಿದ್ದರೆ ಮರುದಿನ ಡ್ಯಾಮಿನ ಮಟ್ಟ ಹೇಳುವವರು ಯಾರು?

ಎದುರಿಗೆ ಸಿಕ್ಕರೆ ಈ ಮನುಷ್ಯನಷ್ಟು ಮೆದು ಇನ್ನೊಬ್ಬರಿಲ್ಲ. ಟೀ ಅಂಗಡಿಯಲ್ಲಿ 'ನೀ ಏಳೋದೂ ಸರೀನೇ ಕನಪ್ಪ' ಅಂದು ದುಡ್ಡನ್ನೂ ಅವರೇ ಕೊಡುತ್ತಾರೆ. ಅಲ್ಲಿ ಸೋತರೆ ಟೀ ಅಂಗಡಿಯವನೊಬ್ಬನಿಗೆ ಗೊತ್ತಾಗುತ್ತದೆ. ಗ್ರೂಪಿನಲ್ಲಿ ಸೋತರೆ ಬೀಗರೆಲ್ಲ ನೋಡುತ್ತಾರೆ.

ವಾರದ ಮೇಲೆ ಆ ಹುಡುಗ ವಿ.ಸಿ. ನಾಲೆ ಏರಿಯ ಮೇಲೆ ಬೈಕಿನಲ್ಲಿ ಹೋಗುತ್ತಿದ್ದಾಗ ಅಣ್ಣನ ಗದ್ದೆ ಕಣ್ಣಿಗೆ ಬಿತ್ತು. ಒಂದೆಕರೆ ತುಂಬ ರಾಗಿ ಪೈರು. ಫೋಟೋ ತೆಗೆದು ಗ್ರೂಪಿಗೆ ಹಾಕಿ, 'ಅಣ್ಣ, ಇದು ಯಾರ ಜಮೀನು?' ಅಂತ ಕೇಳಿದ.

ಅಣ್ಣ ಬಹಳ ಹೊತ್ತು ಟೈಪ್ ಮಾಡಿದರು.

'ಜಮೀನು ನಮ್ದೇ. ರಾಗಿ ನಮ್ ಭಾಮೈದುಂದು.'