ಹದಿನೇಳು ತುಂಬಿದರೆ ಹಸಿವಿಲ್ಲ

ಮನುಷ್ಯನಿಗೆ ಯಾವ ವಯಸ್ಸಿಗೆ ಹಸಿವು ನಿಲ್ಲುತ್ತದೆ ಎಂದು ವೈದ್ಯಶಾಸ್ತ್ರ ಇನ್ನೂ ಹೇಳಿಲ್ಲ. ಅಮೆರಿಕದ ಸಂಸತ್ತು ಮಾತ್ರ 2020ರ ಮಾರ್ಚಿನಲ್ಲೇ ಹೇಳಿಬಿಟ್ಟಿತು: ಹದಿನೇಳಕ್ಕೆ. ಕೊರೊನಾ ಪರಿಹಾರವೆಂದು ಕೇರ್ಸ್ ಕಾಯ್ದೆಯಡಿ ದೊಡ್ಡವರಿಗೆ ತಲಾ 1,200 ಡಾಲರ್, ಹದಿನೇಳು ತುಂಬದ ಮಕ್ಕಳಿಗೆ ತಲಾ 500 ಡಾಲರ್ ಹಂಚಿದರು. ತ್ರಿಶಂಕುವಾದವನು ಕಾಲೇಜು ಹುಡುಗ. ಓದುವ ಮಗ 24 ತುಂಬುವವರೆಗೂ ಅಪ್ಪನ ರಿಟರ್ನ್‌ನಲ್ಲಿ ಡಿಪೆಂಡೆಂಟ್ ಆಗಿರಬಹುದು ಎನ್ನುವುದು ಅದೇ ದೇಶದ ತೆರಿಗೆ ಕಾನೂನು. ಹಾಗಾಗಿ ಅಪ್ಪನ ಲೆಕ್ಕದಲ್ಲಿ 500 ಕೇಳಿದರೆ ‘ನೀನು ದೊಡ್ಡವನಪ್ಪ’, ಸ್ವಂತಕ್ಕೆ 1,200 ಕೇಳಿದರೆ ‘ನೀನಿನ್ನೂ ಅವಲಂಬಿತನಪ್ಪ’. ಹಾಸ್ಟೆಲ್ ಮುಚ್ಚಿ, ಮನೆಗೆ ಬಂದು, ಮೂರು ಹೊತ್ತೂ ಫ್ರಿಜ್ ಬಾಗಿಲು ತೆಗೆಯುತ್ತಿದ್ದವನು ಅವನೇ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಮಗನ ಆಶ್ರಯದಲ್ಲಿದ್ದ ಅಜ್ಜಿಗೂ ಇದೇ ಗತಿ. ಡಿಸೆಂಬರಿನಲ್ಲಿ ತಲಾ 600 ಡಾಲರಿನ ಎರಡನೇ ಕಂತು ಬಂದಾಗಲೂ ಗೆರೆ ಕದಲಲಿಲ್ಲ.

ಖಜಾನೆಯೇನು ಅಕ್ಷಯಪಾತ್ರೆಯೇ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎನ್ನಬಹುದು. ಎಳೆಯಲಿ, ಆದರೆ ಆದಾಯಕ್ಕೆ ಎಳೆಯಲಿ, ಹುಟ್ಟುಹಬ್ಬಕ್ಕಲ್ಲ. ಆ ಗೆರೆ ಕಾಯ್ದೆಯಲ್ಲೇ ಇತ್ತು: ಒಂಟಿ ವ್ಯಕ್ತಿಯ ವರಮಾನ 75,000 ಡಾಲರ್ ದಾಟಿದರೆ ಪ್ರತಿ ನೂರಕ್ಕೆ ಐದು ಡಾಲರ್ ಕಡಿತ. ಇನ್ನು, ಅವಲಂಬಿತರಿಗೆಲ್ಲ ಹಣ ಕೊಟ್ಟರೆ ಜನ ಇಲ್ಲದವರನ್ನೂ ಹುಟ್ಟಿಸಿಯಾರು ಎಂಬ ಆಕ್ಷೇಪ. ಇದು ತೀರಾ ಸುಳ್ಳಲ್ಲ. 5 ವರ್ಷ ದಾಟಿದ ಅವಲಂಬಿತರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬರೆಯಲೇಬೇಕೆಂದು 1987ರ ರಿಟರ್ನ್‌ಗಳಿಂದ ನಿಯಮ ಬಂದದ್ದೇ ತಡ, ಸುಮಾರು 70 ಲಕ್ಷ ಅವಲಂಬಿತರು ಕಾಗದದಿಂದ ಮಾಯವಾದರು! ಆದರೆ ಕಳ್ಳನನ್ನು ಹಿಡಿದದ್ದು ಸಂಖ್ಯೆಯೇ ಹೊರತು ವಯಸ್ಸಲ್ಲ.

ಹಾಗೆಂದು ಸಂಖ್ಯೆಯೇ ದೇವರೂ ಅಲ್ಲ. ಕೇರ್ಸ್ ಕಾಯ್ದೆಯಲ್ಲಿ ಜಂಟಿ ರಿಟರ್ನ್ ಸಲ್ಲಿಸಿದ ಗಂಡ-ಹೆಂಡಿರಲ್ಲಿ ಒಬ್ಬರಿಗೆ ಆ ಸಂಖ್ಯೆ ಇಲ್ಲದಿದ್ದರೆ ಸಾಮಾನ್ಯವಾಗಿ ಇಡೀ ಮನೆಗೇ ಸೊನ್ನೆ. ಗಂಡ ಎಚ್-1ಬಿ, ಕೆಲಸದ ಪರವಾನಗಿಯೂ ಹಾಗಾಗಿ ಸಂಖ್ಯೆಯೂ ಇಲ್ಲದ ಹೆಂಡತಿ ಎಚ್-4 ವೀಸಾದಲ್ಲಿರುವ ಕನ್ನಡಿಗರ ಮನೆಗಳಿಗೆ ಈ ಬಿಸಿ ಚೆನ್ನಾಗಿ ಗೊತ್ತು. ಡಿಸೆಂಬರಿನ ಕಾಯ್ದೆ ಇದನ್ನು ಹಿಂದಿನಿಂದಲೇ ಅನ್ವಯವಾಗುವಂತೆ ತಿದ್ದಿ, ಸಂಖ್ಯೆಯಿದ್ದವರ ಪಾಲನ್ನು ಅವರಿಗೆ ಕೊಡಿಸಿತು. ಭೂಗೋಳವೂ ತನ್ನ ಕೈಚಳಕ ತೋರಿಸುತ್ತದೆ: ಬೇರೆ ಷರತ್ತುಗಳೆಲ್ಲ ಕೂಡಿಬಂದರೆ ಮೆಕ್ಸಿಕೋದಲ್ಲಿರುವ ತಾಯಿ ಅಮೆರಿಕದ ರಿಟರ್ನ್‌ನಲ್ಲಿ ಡಿಪೆಂಡೆಂಟ್ ಆಗಬಹುದು, ಧಾರವಾಡದಲ್ಲೇ ನೆಲೆಸಿದ ಭಾರತೀಯ ತಾಯಿ, ಮಗ ತಿಂಗಳು ತಿಂಗಳು ದುಡ್ಡು ಕಳಿಸಿದರೂ, ಆಗಲಾರಳು.

ಕೊನೆಗೆ 2021ರ ಮಾರ್ಚಿನ ಮೂರನೇ ಕಂತಿನಲ್ಲಿ ಸಂಸತ್ತಿಗೆ ಬುದ್ಧಿ ಬಂತು. ತಲಾ 1,400 ಡಾಲರ್, ಡಿಪೆಂಡೆಂಟ್ ಕಾಲೇಜು ಹುಡುಗ, ಅಜ್ಜಿ ಎಲ್ಲರ ಹೆಸರಿಗೂ. ಖರ್ಚು ಹಿಡಿಯಲು ಆದಾಯದ ಗೆರೆಯನ್ನೇ ಬಿಗಿ ಮಾಡಿದರು; ಒಂಟಿ ವ್ಯಕ್ತಿಗೆ 80,000 ತಲುಪುವಷ್ಟರಲ್ಲಿ ಪೂರ್ತಿ ಸೊನ್ನೆ. ಮೊದಲ ಸಲವೇ ಮಾಡಬಹುದಾಗಿದ್ದ ಕೆಲಸಕ್ಕೆ ಒಂದು ವರ್ಷ ಹಿಡಿಯಿತು. ಪರಿಹಾರ ಹಂಚುವ ಸರ್ಕಾರ ಯಾವುದೇ ಇರಲಿ, ಮೊದಲು ಊಟಕ್ಕೆ ಕೂತವರನ್ನು ಎಣಿಸಲಿ. ಜಾತಕ ಆಮೇಲೆ ನೋಡಿದರಾಯಿತು.